ಮಳೆ, ಕರೆಂಟ್ ಮತ್ತು 65 ಪ್ರಶ್ನೆ

ಇಂಟರ್ನೆಟ್ ಮೂಲಕ ಕಂಪ್ಯೂಟರ್ ಸೌಲಭ್ಯ ಬಾಡಿಗೆಗೆ ಕೊಡುವ ಅಮೆಜಾನ್ ಸೇವೆ ಎಡಬ್ಲ್ಯುಎಸ್‌ನ ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್ ಪರೀಕ್ಷೆಯನ್ನು ನಾನು ಶಿರಸಿ ಹತ್ತಿರದ ಹಳ್ಳಿ ಮನೆಯಲ್ಲೇ ಕೂತು ಆನ್‌ಲೈನಿನಲ್ಲಿ ಬರೆದೆ. ಅದೂ ಜುಲೈನಲ್ಲಿ. ಪರೀಕ್ಷಾ ಶುಲ್ಕದ ವೋಚರ್ ಅವಧಿ ಮುಗಿಯುತ್ತಿತ್ತು. ಬೆಂಗಳೂರಿನ ಕೇಂದ್ರಕ್ಕೆ ಹೋಗಬಹುದಿತ್ತು. ಆದರೆ ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು, ಬೆಳಿಗ್ಗೆ ಟ್ರಾಫಿಕ್ಕಿನಲ್ಲಿ ಒದ್ದಾಡಿ ಪರೀಕ್ಷೆಗೆ ಕೂರುವುದಕ್ಕಿಂತ ಮನೆಯ ಮಳೆಯೇ ವಾಸಿ ಅನ್ನಿಸಿತು.

ಓದಿದ್ದರ ಬಗ್ಗೆ ಅಷ್ಟೇನೂ ಹೆದರಿಕೆ ಇರಲಿಲ್ಲ. ಕರೆಂಟ್ ನೆನೆದರೆ ಮಾತ್ರ ಹೊಟ್ಟೆ ಕಲಸುತ್ತಿತ್ತು. ಹಾಗಾಗಿ ಕೊನೆಕೊನೆಗೆ ಓದುವುದಕ್ಕಿಂತ ಜಾಸ್ತಿ ವೈರುಗಳ ಹಿಂದೆ ಬಿದ್ದೆ.

ಮನೆಯಲ್ಲಿ ಇನ್ವರ್ಟರ್ ಇದೆ, ಆದರೆ ಅದೊಂದೇ ಸಾಲದು. ಕರೆಂಟ್ ಹೋಗಿ ಇನ್ವರ್ಟರ್ ಹಿಡಿಯುವಷ್ಟರಲ್ಲಿ ರೂಟರ್ ಒಮ್ಮೆ ಆರಿ ಹೊತ್ತಿಕೊಂಡರೆ ಮತ್ತೆ ನೆಟ್ ಬರಲು ಒಂದೆರಡು ನಿಮಿಷ ಬೇಕು. ಪರೀಕ್ಷೆ ನಡುವೆ ಅಷ್ಟು ಹೊತ್ತು ಅಂದರೆ ಜೀವವೇ ಹೋಗುತ್ತದೆ. ರೂಟರ್‌ಗೆಂದೇ 12 ವೋಲ್ಟಿನ ಪುಟ್ಟ ಯುಪಿಎಸ್ ಸಿಗುತ್ತದೆ. ಅದನ್ನು ತಂದು ಹಾಕಿದೆ. ಆಮೇಲೆ ಅಣಕು ಪರೀಕ್ಷೆ ಬರೆಯುವಾಗ, ಹೇಳದೇ ಕೇಳದೇ ಮೇನ್ ಸ್ವಿಚ್ ಆಫ್ ಮಾಡು ಅಂತ ತಮ್ಮನಿಗೆ ಹೇಳಿಟ್ಟೆ. ಅವನಿಗಂತೂ ಖುಷಿಯೋ ಖುಷಿ. ಮೊದಮೊದಲು ಬೆಚ್ಚಿಬೀಳುತ್ತಿದ್ದೆ. ಬರುಬರುತ್ತಾ ಲೈಟ್ ಮಿಣುಕಿದರೂ ತಲೆ ಎತ್ತುತ್ತಿರಲಿಲ್ಲ.

ಕೇಬಲ್ ಮೇಲೆ ಮರ ಬಿದ್ದರೆ ಮಾತ್ರ ಯಾವ ಯುಪಿಎಸ್ಸೂ ಉಳಿಸುವುದಿಲ್ಲ. ಮೊಬೈಲ್ ಹಾಟ್‌ಸ್ಪಾಟ್ ನಂಬಬೇಡಿ ಅಂತ ಪರೀಕ್ಷೆ ನಡೆಸುವವರೇ ಹೇಳುತ್ತಾರೆ. ಫೋನ್ ಅಂತೂ ಕೈಗೆ ಸಿಗದ ಹಾಗೆ ದೂರ ಇಡಬೇಕು. ಒಂದೇ ಸಮಾಧಾನ ಅಂದರೆ, 24 ಗಂಟೆ ಮೊದಲೇ ಆದರೆ ದಿನ ಬದಲಿಸಬಹುದು, ಎರಡು ಸಲದವರೆಗೆ. ಹಿಂದಿನ ದಿನದ ಗಾಳಿ ನೋಡಿ ತೀರ್ಮಾನ ಮಾಡೋಣ ಅಂದುಕೊಂಡ ಮೇಲೆ ನಿದ್ದೆ ಸರಿಯಾಯಿತು.

ಇನ್ನೊಂದು ತೊಂದರೆ ನನ್ನ ಬಾಯಿಯದ್ದು. ಪ್ರಶ್ನೆಯನ್ನು ಗುನುಗಿಕೊಂಡು ಓದದಿದ್ದರೆ ನನಗೆ ತಲೆಗೇ ಹೋಗುವುದಿಲ್ಲ. ಆನ್‌ಲೈನ್ ಪರೀಕ್ಷೆಯಲ್ಲಿ ತುಟಿ ಅಲ್ಲಾಡಿಸಿದರೂ ಕ್ಯಾಮೆರಾದಲ್ಲಿ ನೋಡುತ್ತಿರುವ ಮೇಲ್ವಿಚಾರಕರು ಎಚ್ಚರಿಸುತ್ತಾರೆ. ಕೋಣೆಗೆ ಯಾರಾದರೂ ಬಂದರೆ ಪರೀಕ್ಷೆಯೇ ರದ್ದಾಗಬಹುದು. ಕ್ಯಾಮೆರಾ ಮುಂದಿನಿಂದ ಏಳುವ ಹಾಗೂ ಇಲ್ಲ. ಮಳೆಗಾಲದ ಥಂಡಿಯಲ್ಲಿ ಅಷ್ಟು ಹೊತ್ತು ಏಳದೇ ಕೂರುವುದು ಏನು ಅಂತ ಕೂತವರಿಗೇ ಗೊತ್ತು! ಬಾಯಿ ಮುಚ್ಚಿ, ಕಡಿಮೆ ನೀರು ಕುಡಿದು, ಅದೇ ಕುರ್ಚಿಯಲ್ಲಿ ಅಭ್ಯಾಸ ಮಾಡಿದೆ. ಚಹಾ ಕೊಡಲೂ ಬರಬೇಡ ಅಂದಿದ್ದಕ್ಕೆ ಆಯಿ ಮಾತ್ರ ಸ್ವಲ್ಪ ಮುನಿಸಿಕೊಂಡರು.

ಪರೀಕ್ಷೆ 130 ನಿಮಿಷ, 65 ಪ್ರಶ್ನೆ. ಇಂಗ್ಲಿಷ್ ನಮ್ಮ ಮಾತೃಭಾಷೆ ಅಲ್ಲವಲ್ಲ, ಅದಕ್ಕೆ ಇನ್ನೂ 30 ನಿಮಿಷ ಕೇಳಿ ಪಡೆಯಬಹುದು. ದಿನ ಗೊತ್ತುಮಾಡುವ ಮೊದಲೇ ಕೇಳಬೇಕು, ಅಷ್ಟೇ. ಇದನ್ನು ಬಳಸಿಕೊಳ್ಳದವರೇ ಜಾಸ್ತಿ. ಯಾಕೆ ಸಂಕೋಚವೋ! ನನಗಂತೂ ಆ ಅರ್ಧ ಗಂಟೆಯೇ ಅರ್ಧ ಒತ್ತಡ ಇಳಿಸಿತು.

65ರಲ್ಲಿ 15 ಪ್ರಶ್ನೆಗಳಿಗೆ ಅಂಕವೇ ಇಲ್ಲ. ಅವು ಯಾವುವು ಅಂತ ಅವರು ಹೇಳುವುದಿಲ್ಲ. ಎಲ್ಲೂ ಕೇಳದ ಪ್ರಶ್ನೆ ಎದುರಾದಾಗ ‘ಇದು ಆ ಹದಿನೈದರಲ್ಲಿ ಒಂದು’ ಅಂದುಕೊಂಡು, ಏನೋ ಒಂದು ಗುರುತು ಹಾಕಿ ಮುಂದೆ ಹೋದೆ. ತಪ್ಪಿಗೆ ಅಂಕ ಕಳೆಯುವುದಿಲ್ಲವಾದ್ದರಿಂದ ಖಾಲಿ ಬಿಡುವುದರಲ್ಲಿ ಅರ್ಥವಿಲ್ಲ. ಉದ್ದದ ಪ್ರಶ್ನೆಗಳಲ್ಲಿ ಕೊನೆಯ ಸಾಲನ್ನು ಮೊದಲು ಓದಿದೆ. ಕಡಿಮೆ ಖರ್ಚಿನ ಪರಿಹಾರ ಬೇಕೋ, ನಿರ್ವಹಣೆ ಕಡಿಮೆ ಇರುವುದು ಬೇಕೋ ಅನ್ನುವುದು ಅಲ್ಲೇ ಇರುತ್ತದೆ. ಎದೆ ಹೊಡೆದುಕೊಂಡಾಗ ಕಣ್ಣು ಮುಚ್ಚಿ, ಉಸಿರನ್ನು ನಿಧಾನವಾಗಿ, ಉದ್ದಕ್ಕೆ ಬಿಟ್ಟೆ.

ಕರೆಂಟ್ ಹೋಯಿತು. ರೂಟರ್ ಅಲ್ಲಾಡಲಿಲ್ಲ. 1000ಕ್ಕೆ 720 ಬಂದರೆ ಪಾಸು, ನಾನು ಪಾಸಾದೆ.

ಮುಂದಿನದು ಪ್ರೊಫೆಷನಲ್ ಮಟ್ಟದ್ದು, 180 ನಿಮಿಷ, 75 ಪ್ರಶ್ನೆ. ಅದನ್ನು ಮಾರ್ಚ್ ಹೊತ್ತಿಗೆ ಬರೆಯುವ ಯೋಚನೆ ಇದೆ. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷ ನೋಡಿ. ಜಾತ್ರೆ ವರ್ಷ ಮನೆ ತುಂಬ ನೆಂಟರು, ಖಾಲಿ ಕೋಣೆ ಎಲ್ಲಿಂದ ತರೋದು?