ಪಂಪ್ ಬಂದೂಕಿನ ಟ್ರಿಗರ್: ಹಗುರವಲ್ಲ, ಸಾಫ್ ಆಗಬೇಕಿತ್ತು

ನನ್ನ ಹತ್ತಿರ ಇರುವುದು 12 ಬೋರಿನ ಪಂಪ್ ಆಕ್ಷನ್ ಬಂದೂಕು, ಅಂದರೆ ನಳಿಗೆಯ ಕೆಳಗಿನ ಹಿಡಿಯನ್ನು ಹಿಂದೆ ಮುಂದೆ ಎಳೆದು ತೋಟಾ ಏರಿಸುವಂಥದ್ದು. ಸೈನ್ಯದಿಂದ ನಿವೃತ್ತಿಯಾಗಿ ಬಂದ ಮೇಲೆ, ಶಹಾಬಾದದ ಹೊರಗಿನ ನಮ್ಮ ಹೊಲದ ಮನೆ ಕಾವಲಿಗೆಂದು ಲೈಸೆನ್ಸ್ ಮಾಡಿಸಿ ತಗೊಂಡದ್ದು. ಬಂದೂಕು ಒಳ್ಳೆಯದೇ. ಟ್ರಿಗರ್ ಮಾತ್ರ ಮೊದಲಿನಿಂದಲೂ ಗಟ್ಟಿ. 2024ರ ಲೋಕಸಭಾ ಚುನಾವಣೆ ಮುಗಿಯುವ ತನಕ, ಲೈಸೆನ್ಸ್ ಇರುವ ಇತರರಂತೆ ನಾನೂ ಬಂದೂಕನ್ನು ಠಾಣೆಗೆ ಒಪ್ಪಿಸಿದ್ದೆ. ಕಲಬುರಗಿಯಲ್ಲಿ ಮತದಾನ ಮೇ 7ಕ್ಕೆ, ಎಣಿಕೆ ಜೂನ್‌ನಲ್ಲಿ. ಬಂದೂಕು ಮನೆಗೆ ಬರುವಷ್ಟರಲ್ಲಿ ಇಡೀ ಬೇಸಿಗೆ ಕಳೆದಿತ್ತು. ಖಾಲಿ ಒತ್ತಿ ನೋಡಿದರೆ ಟ್ರಿಗರ್ ಗಟ್ಟಿ ಇರುವುದಷ್ಟೇ ಅಲ್ಲ, ಕರಕರ ಅನ್ನುತ್ತಾ ಎರಡು ಕಡೆ ತಡೆದು ತಡೆದು ಹಿಂದೆ ಬರುತ್ತಿತ್ತು.

ಕೈ ಹಚ್ಚುವ ಮೊದಲು ಟ್ರಿಗರಿನ ತೂಕ, ಅಂದರೆ ಅದು ಬಿಡಲು ಎಷ್ಟು ಬಲ ಬೇಕು ಅನ್ನುವುದನ್ನು ನೋಡಿದೆ. ಪ್ರಯಾಣದ ಬ್ಯಾಗ್ ತೂಗುವ ಕೊಕ್ಕೆಯ ಡಿಜಿಟಲ್ ತಕ್ಕಡಿ ಸಾಕು. ತೋಟಾಗಳನ್ನು ಬೇರೆ ಕೋಣೆಯಲ್ಲಿಟ್ಟು ಬಾಗಿಲು ಹಾಕಿದೆ. ತೋಟಾ ತುಂಬುವ ಮ್ಯಾಗಜಿನ್ ಕೊಳವೆ, ಹಾರುವ ಮೊದಲು ತೋಟಾ ಕೂರುವ ಚೇಂಬರ್ ಎರಡನ್ನೂ ಕಣ್ಣಿಂದ ನೋಡಿ, ಬೆರಳು ಹಾಕಿಯೂ ನೋಡಿದೆ. ನಳಿಗೆಯನ್ನು ದಪ್ಪ ಮಣ್ಣಿನ ಗೋಡೆಗೆ ಮುಖ ಮಾಡಿಸಿ, ಕೊಕ್ಕೆಯನ್ನು ಟ್ರಿಗರಿನ ನಡುವೆ ಸಿಕ್ಕಿಸಿ, ನೇರ ಹಿಂದಕ್ಕೆ ನಿಧಾನ ಎಳೆದೆ. ಸುಮಾರು 3.5 ಕೆಜಿ ಬಂತು. ಈ ಬಂದೂಕಿನ ತೂಕವೇ 3.2 ಕೆಜಿ. ಬಂದೂಕಿನ ತೂಕಕ್ಕಿಂತ ಜಾಸ್ತಿ ಬಲ ಬೆರಳಿಂದ ಹಾಕಬೇಕಾದರೆ ನಳಿಗೆ ಅಲುಗದೆ ಇರುತ್ತಾ? ಫೈರಿಂಗ್ ರೇಂಜಿನಲ್ಲಿ ನನ್ನ ಹೊಡೆತ ಗುರಿಯ ಕೆಳಗೇ ಬೀಳುತ್ತಿದ್ದುದು ಇದಕ್ಕೇ.

ಟ್ರಿಗರ್ ಒತ್ತುವುದು ಒಂದೇ ಕೆಲಸ ಅನಿಸುತ್ತದೆ, ಆದರೆ ಕಣ್ಣು ಮುಚ್ಚಿ ನಿಧಾನ ಒತ್ತಿ ನೋಡಿ. ಮೊದಲು ಸ್ವಲ್ಪ ಸಡಿಲ. ಆಮೇಲೆ, ತೋಟಾ ಹಾರಿಸುವ ಪೆಟ್ಟು ಕೊಡುವ ಹ್ಯಾಮರನ್ನು ತಡೆಹಿಡಿದಿರುವ ಸಿಯರ್ ಅನ್ನುವ ಕೊಂಡಿ ಜಾರುವ ದೂರ. ಆಮೇಲೆ ಹ್ಯಾಮರ್ ಬಿಡುಗಡೆ. ಕೊನೆಗೆ ಬಿಟ್ಟ ಮೇಲೂ ಟ್ರಿಗರ್ ಹಿಂದೆ ಹೋಗುವ ಚೂರು. ನನ್ನ ಬಂದೂಕಿನಲ್ಲಿ ತೊಂದರೆ ಇದ್ದದ್ದು ಆ ಎರಡನೆಯ ಜಾಗದಲ್ಲಿ. ತೂಕ ಜಾಸ್ತಿ ಇದ್ದರೂ ಬೆರಳು ಒಗ್ಗಿಕೊಳ್ಳುತ್ತದೆ. ಯಾವಾಗ ಬಿಡುತ್ತದೋ ಗೊತ್ತಾಗದಿದ್ದರೆ ಒಗ್ಗುವುದೇ ಇಲ್ಲ.

ಈ ನಮೂನೆಯ ಬಂದೂಕುಗಳಲ್ಲಿ ಟ್ರಿಗರಿನ ಇಡೀ ಪೆಟ್ಟಿಗೆ ಒಂದೋ ಎರಡೋ ಪಿನ್ನಿನ ಮೇಲೆ ನಿಂತಿರುತ್ತದೆ. ಮಾದರಿಯ ಮ್ಯಾನುಯಲ್ ಎದುರಿಗೆ ಇಟ್ಟುಕೊಂಡು, ಹಿತ್ತಾಳೆಯ ಪಂಚಿನಿಂದ ಪಿನ್ ತಳ್ಳಿ ಪೆಟ್ಟಿಗೆಯನ್ನು ಕೆಳಗೆ ಇಳಿಸಿಕೊಂಡೆ. ಹೊರಗೆ ತೆಗೆದ ಮೇಲೆ ಹ್ಯಾಮರನ್ನು ಸುಮ್ನೆ ಬಿಡಬಾರದು. ತಡೆಯಲು ಬಂದೂಕಿನ ಒಳಭಾಗ ಇಲ್ಲದ್ದರಿಂದ ಅದು ಪೆಟ್ಟಿಗೆಗೇ ಬಡಿದು ಪೆಟ್ಟು ಮಾಡುತ್ತದೆ. ಹೆಬ್ಬೆರಳು ಒತ್ತಿ ಹಿಡಿದು ನಿಧಾನ ಇಳಿಸಬೇಕು.

ಒಳಗೆ ನೋಡಿದರೆ ಬೂದು ಬಣ್ಣದ ಮೇಣ. ನಮ್ಮ ಊರಲ್ಲಿ ಫರ್ಸಿ ಕಲ್ಲು ಕೊಯ್ಯುವ ಮಷೀನುಗಳಿಗೆ ಬಿಡುವಿಲ್ಲ. ಆ ಸುಣ್ಣದ ಕಲ್ಲಿನ ಪುಡಿ ಅಡುಗೆಮನೆಯ ಡಬ್ಬಿಯೊಳಗೂ ಹೋಗುತ್ತದೆ, ಬಂದೂಕಿನೊಳಗೆ ಹೋಗದೆ ಇರುತ್ತದಾ? ಪುಡಿ ಎಣ್ಣೆ ಕುಡಿದು, 42 ಡಿಗ್ರಿಯ ಬಿಸಿಲಿಗೆ ಒಣಗಿ, ಸಿಯರಿನ ಮೂಲೆಯಲ್ಲಿ, ಟ್ರಿಗರ್ ತಿರುಗುವ ಪಿನ್ನಿನ ಸುತ್ತ, ಸ್ಪ್ರಿಂಗಿನ ಸುರುಳಿಗಳ ನಡುವೆ ಗಟ್ಟಿಯಾಗಿ ಕೂತಿತ್ತು. ಸೂಜಿಯಿಂದ ಕೆರೆದಾಗ ಹೊಯಿಗೆಯಂಥ ಚೂರು ಬಿತ್ತು. ಆ ಕರಕರ ಅದೇ.

ಪೆಟ್ಟಿಗೆಯನ್ನು ಪೂರ್ತಿ ಬಿಚ್ಚಲಿಲ್ಲ. ಅದರಲ್ಲಿರುವ ಚಿಕ್ಕ ಸ್ಪ್ರಿಂಗುಗಳು ಹಾರಿದರೆ ಹುಡುಕುವುದು ಕಷ್ಟ, ಬಿಚ್ಚುವ ಅಗತ್ಯವೂ ಇಲ್ಲ. ಪೇಂಟ್ ಅಂಗಡಿಯ ಟರ್ಪಂಟೈನಿನಲ್ಲಿ ನೆನೆಸಿ, ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆ. ಮತ್ತೆ ನೆನೆಸಿದೆ, ಮತ್ತೆ ತಿಕ್ಕಿದೆ. ತೊಟ್ಟಿಕ್ಕುವ ದ್ರವ ತಿಳಿ ಆಗುವ ತನಕ. ಪ್ಲಾಸ್ಟಿಕ್ ಪೆಟ್ಟಿಗೆ ಇದ್ದರೆ ಥಿನ್ನರ್ ಮುಟ್ಟಿಸಬೇಡಿ, ಕರಗೀತು. ಕಿಟಕಿ ತೆರೆದಿಟ್ಟು, ಒಲೆಯಿಂದ ದೂರ ಕೂತು ಮಾಡಿ.

ಒಣಗಿದ ಮೇಲೆ ಎಣ್ಣೆ. ಇಲ್ಲಿ ಕೈ ಬಿಗಿ ಹಿಡಿಯಬೇಕು. ಪಿನ್ನುಗಳ ಬುಡಕ್ಕೆ ಸೂಜಿ ತುದಿಯಿಂದ ಹೊಲಿಗೆ ಯಂತ್ರದ ಎಣ್ಣೆ ಒಂದೊಂದು ಹನಿ. ಸಿಯರ್ ಮತ್ತು ಹ್ಯಾಮರ್ ಮುಟ್ಟುವ ಅಂಚಿಗೆ ಕರಿ ಮಾಲಿಬ್ಡಿನಮ್ ಗ್ರೀಸ್, ಸಾಸಿವೆ ಕಾಳಿನ ಅರ್ಧದಷ್ಟು. ಉಳಿದಲ್ಲೆಲ್ಲಾ ಒರೆಸಿ ಒಣ ಬಿಟ್ಟೆ. ಎಣ್ಣೆ ಜಾಸ್ತಿ ಇದ್ದಷ್ಟೂ ಪುಡಿ ಹಿಡಿದುಕೊಳ್ಳುತ್ತದೆ. ಕೆಲವರು ಕೊಬ್ಬರಿ ಎಣ್ಣೆ, ಸಾಸಿವೆ ಎಣ್ಣೆ ಹಾಕುತ್ತಾರೆ. ಅವು ದಿನ ಕಳೆದಂತೆ ಅಂಟಾಗುತ್ತವೆ, ಬೇಡ.

ಮತ್ತೆ ತೂಗಿದಾಗ 2.8 ಕೆಜಿ. ಕರಕರ ಹೋಯಿತು. ಆದರೂ ಬಿಡುವ ಮೊದಲು ಚೂರು ಎಳೆತ ಉಳಿದಿತ್ತು.

ಅಲ್ಲಿಂದ ಮುಂದೆ ನನ್ನ ಕೈ ಹಚ್ಚಲಿಲ್ಲ. 1959ರ ಆರ್ಮ್ಸ್ ಆಕ್ಟಿನ ಪ್ರಕಾರ ಬಂದೂಕು ರಿಪೇರಿ ಮಾಡುವವನಿಗೂ ಲೈಸೆನ್ಸ್ ಬೇಕು. ಕಾನೂನು ಬದಿಗಿರಲಿ, ಸಿಯರ್ ಅಂಚನ್ನು ಮನೆಯಲ್ಲಿ ಸಾಣೆ ಹಿಡಿಯುವುದು ಅಪಾಯವೇ. ಅನೇಕ ಬಂದೂಕುಗಳಲ್ಲಿ ಅದರ ಗಟ್ಟಿತನ ಮೇಲಿನ ತೆಳು ಪದರದಲ್ಲಷ್ಟೇ ಇರುತ್ತದೆ. ಅದು ಸವೆದರೆ ಒಳಗಿನ ಮೆತ್ತನೆ ಉಕ್ಕು ಬೇಗ ತಿಂದು ಹೋಗುತ್ತದೆ. ಕೋನ ಒಂದಿಷ್ಟು ತಪ್ಪಿದರೆ ಬಂದೂಕು ನೆಲಕ್ಕೆ ಕುಕ್ಕಿದಾಗ ತಾನೇ ಹಾರೀತು. ಸೇಫ್ಟಿ ಇದೆಯಲ್ಲ ಅನ್ನಬೇಡಿ. ಈ ತರದ ಹೆಚ್ಚಿನ ಬಂದೂಕುಗಳಲ್ಲಿ ಸೇಫ್ಟಿ ತಡೆಯುವುದು ಟ್ರಿಗರನ್ನು ಮಾತ್ರ, ಹ್ಯಾಮರನ್ನಲ್ಲ.

ನನ್ನ ಲೈಸೆನ್ಸ್ ಕರ್ನಾಟಕದ ಮಟ್ಟಿಗೆ ಇರುವುದರಿಂದ ಹತ್ತಿರದ ಹೈದರಾಬಾದಿಗೆ ಒಯ್ಯುವಂತಿರಲಿಲ್ಲ. ರಾಜ್ಯದೊಳಗಿನ ಒಬ್ಬ ಲೈಸೆನ್ಸ್ ಇರುವ ಮಿಸ್ತ್ರಿ ಹತ್ತಿರ ಹೋದೆ. ವಯಸ್ಸಾದವರು. ಟ್ರಿಗರ್ ಒತ್ತಿ ನೋಡಿ ಕೇಳಿದರು: "ಫೌಜಿ ಸಾಹೇಬ್ರ, ಹಗುರ ಬೇಕ್ರೋ, ಸಾಫ್ ಬೇಕ್ರೋ?"

"ಎರಡೂ ಒಂದೇ ಅಲ್ಲೇನ್ರೀ ಚಾಚಾ?"

"ಬ್ಯಾರೆ ಬ್ಯಾರೆ ಅದಾವ್ರೀ. ಹಗುರ ಬೇಕಂದ್ರ ಬ್ಯಾರೆ ಕಡೆ ಹೋಗ್ರಿ. ಸಾಫ್ ಬೇಕಂದ್ರ ಬಿಟ್ಟು ಹೋಗ್ರಿ."

ಆ ಮಾತಿಗೆ ನನಗೆ ಅವರ ಮೇಲೆ ಪೂರ್ತಿ ಭರವಸೆ ಬಂತು. ಅವರು ಹ್ಯಾಮರ್ ಸ್ಪ್ರಿಂಗ್ ಮುಟ್ಟಲಿಲ್ಲ. ಅದನ್ನು ಕತ್ತರಿಸಿ ಹಗುರ ಮಾಡುವವರಿದ್ದಾರೆ, ಆಮೇಲೆ ತೋಟಾದ ಹಿಂದೆ ಕಿಡಿ ಹುಟ್ಟಿಸುವ ಟೋಪಿಗೆ ಪೆಟ್ಟು ಸಾಲದೆ ಬಂದೂಕು ಹಾರುವುದೇ ಇಲ್ಲ. ಟ್ರಿಗರಿನ ಪಕ್ಕಗಳು ಪೆಟ್ಟಿಗೆಗೆ ಉಜ್ಜುತ್ತಿದ್ದವು, ಅವನ್ನೂ ಪಿನ್ನುಗಳನ್ನೂ ನುಣುಪು ಮಾಡಿದರು. ಸಿಯರ್ ಅಂಚಿಗೆ ಕೋನ ಬದಲಿಸದೆ ಹೊಳಪು ಕೊಟ್ಟರು. ಆಮೇಲೆ ನನ್ನ ಎದುರಿಗೇ ಖಾಲಿ ಬಂದೂಕಿನ ಹ್ಯಾಮರ್ ಎತ್ತಿ, ಸೇಫ್ಟಿ ತೆಗೆದು, ಬಂದೂಕಿನ ಹಿಂಬದಿಯ ಬಟ್ ಅನ್ನು ರಬ್ಬರ್ ಮ್ಯಾಟಿನ ಮೇಲೆ ಕುಕ್ಕಿದರು. ರಬ್ಬರ್ ಸುತ್ತಿಗೆಯಿಂದ ನಾಲ್ಕೂ ಕಡೆ ಬಡಿದರು. ಪಂಪ್ ಜೋರಾಗಿ ಹಿಂದೆ ಮುಂದೆ ಎಳೆದರು. ಹ್ಯಾಮರ್ ಒಮ್ಮೆಯೂ ಬೀಳಲಿಲ್ಲ. ಈ ಪರೀಕ್ಷೆ ಮಾಡಿ ತೋರಿಸದ ಮಿಸ್ತ್ರಿಯಿಂದ ಬಂದೂಕು ವಾಪಸ್ ತಗೋಬೇಡಿ.

ಈಗ ಟ್ರಿಗರ್ 2.3 ಕೆಜಿಗೆ ಬಿಡುತ್ತದೆ, ಪ್ರತಿ ಸಲ ಅದೇ ಜಾಗದಲ್ಲಿ. ಇನ್ನೂ ಇಳಿಸಬಹುದಿತ್ತು ಅನ್ನುವವರಿದ್ದಾರೆ. ಅಂತರರಾಷ್ಟ್ರೀಯ ಸ್ಪರ್ಧೆಯ 10 ಮೀಟರ್ ಏರ್ ಪಿಸ್ತೂಲಿಗೆ 500 ಗ್ರಾಂ ಸಾಕು, ನಿಜ. ಅದು ರೇಂಜಿನಲ್ಲಿ ನಿಂತು, ಉಸಿರು ಹಿಡಿದು ಹೊಡೆಯುವ ಆಟ. ರಾತ್ರಿ ನಾಯಿ ಬೊಗಳಿದಾಗ, ಎದೆ ಹೊಡೆದುಕೊಳ್ಳುವಾಗ, ಕತ್ತಲೆಯಲ್ಲಿ ಕೈಗೆ ತಗೊಳ್ಳುವ ಬಂದೂಕಿಗೆ ಆ ಲೆಕ್ಕ ಹಿಡಿಯುವುದಿಲ್ಲ.

ಉಳಿದದ್ದು ಬೆರಳಿನ ಕೆಲಸ. ಸ್ನ್ಯಾಪ್ ಕ್ಯಾಪ್ ಅನ್ನುವ ಡಮ್ಮಿ ತೋಟಾ ಹಾಕಿ, ಗೋಡೆಯ ಮೇಲಿನ ಒಂದು ಚುಕ್ಕೆ ನೋಡುತ್ತಾ ಸಂಜೆ ಹೊತ್ತು ಒತ್ತುತ್ತೇನೆ. ಉಗುರಿನ ಹಿಂದಿನ ಮೆತ್ತನೆ ಭಾಗ ಟ್ರಿಗರಿನ ಮೇಲೆ, ಮೊದಲ ಗೆಣ್ಣು ಅಲ್ಲ. ಫರ್ಸಿ ಪುಡಿ ನಿಲ್ಲುವುದಿಲ್ಲವಾದ್ದರಿಂದ ಬೇಸಿಗೆಗೆ ಮೊದಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಪೆಟ್ಟಿಗೆ ಇಳಿಸಿ ತೊಳೆಯುತ್ತೇನೆ. ತೊಳೆದಾಗೆಲ್ಲಾ ಆ ಬ್ಯಾಗಿನ ತಕ್ಕಡಿಯಿಂದ ತೂಗಿ, ಲೈಸೆನ್ಸಿನ ಫೈಲಿನಲ್ಲಿ ತಾರೀಖಿನ ಜೊತೆ ಬರೆದಿಡುತ್ತೇನೆ. ತೂಕ ಏರಿದರೆ ಕೊಳೆ ಕೂತಿದೆ ಅಂತ. ತಾನಾಗಿ ಇಳಿದರೆ ಸಿಯರ್ ಸವೆಯುತ್ತಿದೆ ಅಂತ, ಅವತ್ತೇ ಚಾಚಾ ಹತ್ತಿರ ಒಯ್ಯಬೇಕು.