ಟಾಕೀಸಿನ ಇಳಿಜಾರು ಉಳಿಸಿದ್ದು

ನಾನು ಹಳೇ ಕಟ್ಟಡಗಳನ್ನು ಉಳಿಸುವ ಕೆಲಸ ಮಾಡುವ ಆರ್ಕಿಟೆಕ್ಟ್. ನಮ್ಮ ಜಿಲ್ಲೆಯ ಒಂದು ಊರಲ್ಲಿ 1950ರ ದಶಕದ ಟಾಕೀಸೊಂದು ಕಲ್ಯಾಣ ಮಂಟಪವಾಗಿ ಬಹಳ ವರ್ಷವಾಗಿದೆ. ಅದರ ದುರಸ್ತಿ ನನಗೆ ಬಂದಾಗ ಊರವರು ಕೇಳಿದ್ದು ಒಂದೇ, ಮತ್ತೆ ಸಿನಿಮಾ ಬರುತ್ತಾ? ಬರುವುದಿಲ್ಲ. ಮದುವೆ ಬಾಡಿಗೆಯಿಂದಲೇ ಆ ಕಟ್ಟಡ ನಿಂತಿದೆ. ಬೆಂಗಳೂರಲ್ಲಿ ಎಂ.ಜಿ. ರಸ್ತೆಯ ಪ್ಲಾಜಾ ಟಾಕೀಸು ಹೋಯಿತು, ಗಾಂಧಿನಗರದ ಕಪಾಲಿಯೂ ಹೋಯಿತು. ಮುಂಬೈನ 1938ರ ಈರೋಸ್ ಟಾಕೀಸು ಇರುವ ಪ್ರದೇಶ 2018ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿ ಸೇರಿತು. ತಾಲ್ಲೂಕಿನ ಟಾಕೀಸಿಗೆ ಅಂಥ ಆಸರೆ ಎಲ್ಲಿದೆ? ಹಾಗಾಗಿ ಛತ್ರ ಛತ್ರವಾಗಿಯೇ ಇರಲಿ, ಒಳಗಿನ ಟಾಕೀಸೂ ಕಾಣಲಿ ಎಂದು ಹೊರಟೆ.

ದೊಡ್ಡ ತೊಂದರೆ ನೆಲದ್ದು. ಪಂಕ್ತಿ ಊಟಕ್ಕೆ ಸಮ ನೆಲ ಬೇಕಲ್ವಾ, ಅದಕ್ಕೆ ಇಳಿಜಾರಿಗೆ ಮಣ್ಣು ತುಂಬಿ ಮೇಲೆ ಟೈಲ್ಸ್ ಹಾಕಿದ್ದರು. ಆ ಮಣ್ಣು ನೀರು ಹಿಡಿದು ಗೋಡೆಗೆ ತೇವ ಏರಿಸುತ್ತಿತ್ತು, ಗಾರೆ ಉದುರುತ್ತಿತ್ತು. ಪೂರ್ತಿ ತೆಗೆಸಿದೆವು. ಕೆಳಗೆ ಹಳೇ ನೆಲ ಹಾಗೇ ಇತ್ತು, ಗಾಂಧಿ ಕ್ಲಾಸಿನ, ಅಂದರೆ ಪರದೆ ಹತ್ತಿರದ ಅಗ್ಗದ ಟಿಕೆಟಿನ, ಬೆಂಚುಗಳ ಬೋಲ್ಟ್ ತೂತುಗಳೂ ಸಾಲಾಗಿ ಇದ್ದವು. ಅದರ ಮೇಲೆ ಕಬ್ಬಿಣದ ಕಾಲುಗಳ ಅಟ್ಟಣೆ ನಿಲ್ಲಿಸಿ ಸಿಮೆಂಟ್ ಬೋರ್ಡ್ ಹಾಸಿದೆವು. ಹಳೇ ನೆಲಕ್ಕೆ ಒಂದು ಮೊಳೆಯೂ ಹೊಡೆದಿಲ್ಲ, ಬೇಕಾದಾಗ ಬಿಚ್ಚಬಹುದು. ಅಡಿಯಲ್ಲಿ ಗಾಳಿ ಆಡುವುದರಿಂದ ಗೋಡೆ ನಿಧಾನಕ್ಕೆ ಒಣಗುತ್ತಿದೆ.

ಪ್ರೊಜೆಕ್ಟರ್ ರೂಮಿನ ಕಿಂಡಿಗಳಿಗೆ ತಗಡಿನ ಬಾಗಿಲುಗಳಿವೆ. ಆಗಿನ ಫಿಲ್ಮು ಬೇಗ ಬೆಂಕಿ ಹಿಡಿಯುತ್ತಿತ್ತು. ಹತ್ತಿಕೊಂಡರೆ ಬಾಗಿಲು ಬಿದ್ದು ಕಿಂಡಿ ಮುಚ್ಚಬೇಕು, ಬೆಂಕಿ ಹಾಲ್‌ಗೆ ಬರಬಾರದು. ಅಲ್ಲೇ ಏಸಿ ಪೈಪು ತೂರಿಸೋಣ ಎಂದರು ಎಲೆಕ್ಟ್ರಿಷಿಯನ್. ಒಪ್ಪಲಿಲ್ಲ, ಬೇರೆ ದಾರಿ ಹುಡುಕಿದೆವು.

ನನಗೆ ಜಾಸ್ತಿ ಇಷ್ಟವಾದದ್ದು ಟಿಕೆಟ್ ಕೌಂಟರ್ ಮುಂದಿನ ಮೊಸಾಯಿಕ್. ಮಾಸಿದ್ದು ಓಡಾಟದಿಂದಲ್ಲ, ಆಸಿಡ್ ಹಾಕಿ ತೊಳೆದು. ಅದರೊಳಗಿನ ಅಮೃತಶಿಲೆ ಚೂರುಗಳನ್ನು ಆಸಿಡ್ ತಿನ್ನುತ್ತದೆ. ಒಡೆದ ಕಡೆ ತುಂಬಲು ಮೇಸ್ತ್ರಿ ಬಿಳಿ ಸಿಮೆಂಟಿಗೆ ಆಕ್ಸೈಡ್ ಬಣ್ಣದ ಪುಡಿ ಬೆರೆಸಿ ಸಣ್ಣ ಸಣ್ಣ ಮಾದರಿ ಬಿಲ್ಲೆ ಮಾಡಿದರು. ಹಸಿಯಲ್ಲಿ ಬಣ್ಣ ತಿಳಿಯುವುದಿಲ್ಲ, ಒಣಗಿ ಪಾಲಿಶ್ ಆದಮೇಲೇ ಹಳೆಯದರ ಪಕ್ಕ ಇಟ್ಟು ನೋಡಬೇಕು. ಹೊಂದುವವರೆಗೂ ಅವರು ಬಿಡಲಿಲ್ಲ. ಈಗ ಛತ್ರದ ಬಾಡಿಗೆ ಕರಾರಿನಲ್ಲೇ ಬರೆಸಿದ್ದೇವೆ: ಈ ನೆಲಕ್ಕೆ ಸೋಪಿನ ನೀರು ಮಾತ್ರ, ಆಸಿಡ್ ಹಾಕುವಂತಿಲ್ಲ.