ಶಾರ್ಟ್ ಶಿಫ್ಟರ್ ಹಾಕಿದ ಮೇಲೆ ಮೂರನೇ ಗೇರ್ ಜಾರುತ್ತಿದ್ದರೆ

ಕಾರಿಗೆ ಬೇರೆ ಕಂಪನಿಯ ಶಾರ್ಟ್ ಶಿಫ್ಟರ್ (ಕಡಿಮೆ ದೂರ ಸರಿಸಿದರೆ ಸಾಕಾಗುವ ಗೇರ್ ಲಿವರ್) ಹಾಕಿದ ಮೇಲೆ ಮೂರನೇ ಗೇರ್ ಬಿದ್ದಂತೆ ಅನಿಸಿದರೂ ಆಕ್ಸಿಲರೇಟರ್ ಬಿಟ್ಟ ಕೂಡಲೇ ನ್ಯೂಟ್ರಲ್‌ಗೆ ಜಾರುತ್ತಿತ್ತು. ಗೇರ್ ಆಯಿಲ್ ಬದಲಾಯಿಸಿದೆ, ಹೊಸ ಬುಷ್ ಹಾಕಿದೆ, ಭಾರದ ನಾಬ್ ಕೂಡ ಹಾಕಿ ನೋಡಿದೆ. ನಾಬ್ ಅಂತೂ ಬರೀ ಶೋಕಿ. ತೊಂದರೆ ಇದ್ದದ್ದು ಸ್ಟಾಪ್ ಬೋಲ್ಟ್‌ನಲ್ಲಿ, ಅಂದರೆ ಲಿವರ್ ಒಂದು ಮಿತಿ ದಾಟದಂತೆ ತಡೆಯುವ ಬೋಲ್ಟ್‌ನಲ್ಲಿ: ಲಿವರ್ ಅದಕ್ಕೆ ಬೇಗ ತಗುಲಿ, ಒಳಗೆ ಗೇರ್ ಪೂರ್ತಿ ಕೂರುತ್ತಲೇ ಇರಲಿಲ್ಲ.

ಎಂಜಿನ್ ಆಫ್ ಮಾಡಿ, ಲಿವರಿನ ಮುಂದೆ ಒಂದು, ಹಿಂದೆ ಒಂದು ಇರುವ ಸ್ಟಾಪ್ ಬೋಲ್ಟ್‌ಗಳ ಲಾಕ್‌ನಟ್ (ಬೋಲ್ಟ್ ಅಲುಗದಂತೆ ಹಿಡಿಯುವ ನಟ್) ಎರಡನ್ನೂ ಸಡಿಲಿಸಿ, ಬೋಲ್ಟ್‌ಗಳನ್ನು ಪೂರ್ತಿ ಹಿಂದಕ್ಕೆ ಬಿಚ್ಚಿ. ಕ್ಲಚ್ ಒತ್ತಿ ಮೂರನೇ ಗೇರ್ ಹಾಕಿ, ಲಿವರನ್ನು ಮುಂದಕ್ಕೆ ಒತ್ತಿ ಹಿಡಿದುಕೊಂಡೇ ಮುಂಭಾಗದ ಬೋಲ್ಟನ್ನು ಬೆರಳಲ್ಲಿ ತಿರುಗಿಸುತ್ತಾ ಬನ್ನಿ, ಲಿವರಿಗೆ ತಗುಲಿದ ಕಡೆ ನಿಲ್ಲಿಸಿ. ನಾನು ಅಲ್ಲಿಂದ ಕಾಲು ಸುತ್ತು ಸಡಿಲ ಬಿಟ್ಟೆ. ಹಿಂಭಾಗದ ಬೋಲ್ಟ್‌ಗೆ ನಾಲ್ಕನೇ ಗೇರ್ ಹಾಕಿ, ಲಿವರನ್ನು ಹಿಂದಕ್ಕೆ ಎಳೆದು ಹಿಡಿದು, ಹಾಗೇ ಮಾಡಿ. ಲಾಕ್‌ನಟ್ ಬಿಗಿಯುವಾಗ ಬೋಲ್ಟೂ ಜೊತೆಗೇ ತಿರುಗಿಬಿಡುತ್ತದೆ, ಇನ್ನೊಂದು ಸ್ಪ್ಯಾನರಿನಲ್ಲಿ ಅದನ್ನು ಹಿಡಿದಿಡಿ.